ಗಾಂಜಾ ಅಂಗಡಿ ತೆರೆದ ದೇಶಗಳಲ್ಲಿ ಜನರ ಆರೋಗ್ಯಕ್ಕೆ ಏನಾಯಿತು?

"ಕೆನಡಾದಲ್ಲಿ ಸರ್ಕಾರವೇ ಮಾರುತ್ತೆ, ಜರ್ಮನಿಯಲ್ಲಿ ಮನೆಯಲ್ಲೇ ಗಿಡ ಬೆಳೆಸಬಹುದು, ನಮ್ಮಲ್ಲಿ ಮಾತ್ರ ಯಾಕೆ ಇಷ್ಟು ಭಯ?" ಮುಂಬೈ, ಪುಣೆಯ ನಮ್ಮ ಕನ್ನಡ ಮನೆಗಳ ಕಾಲೇಜು ಮಕ್ಕಳು ಕೇಳುವ ಪ್ರಶ್ನೆ ಇದು. ಅವರ ಅಪ್ಪ ಅಮ್ಮಂದಿರು ಅದನ್ನೇ ಇನ್ನೊಂದು ಬಗೆಯಲ್ಲಿ ಕೇಳುತ್ತಾರೆ: "ಅಕ್ಕಾ, ಅಷ್ಟೆಲ್ಲ ದೇಶಗಳು ಬಿಟ್ಟಿವೆ ಅಂದ್ರೆ ಅದು ಅಷ್ಟೇನೂ ಕೆಟ್ಟದ್ದಲ್ಲ ಅಂತಾನಾ?"

ಹತ್ತು ವರ್ಷದ ಹಿಂದೆ ಇದಕ್ಕೆ ಅಂದಾಜಿನ ಉತ್ತರ ಮಾತ್ರ ಇತ್ತು. ಈಗ ಹಾಗಿಲ್ಲ. ಉರುಗ್ವೆ 2013ರ ಡಿಸೆಂಬರ್‌ನಲ್ಲಿ ಕಾನೂನು ಮಾಡಿತು. ಅಮೆರಿಕದ ಕೊಲೊರಾಡೊದಲ್ಲಿ ಅಂಗಡಿಗಳು ಬಾಗಿಲು ತೆರೆದದ್ದು 2014ರ ಜನವರಿ 1ಕ್ಕೆ. ಕೆನಡಾ ಇಡೀ ದೇಶಕ್ಕೆ ಅನ್ವಯಿಸುವಂತೆ 2018ರ ಅಕ್ಟೋಬರ್ 17ರಿಂದ ಶುರು ಮಾಡಿತು. ಆಸ್ಪತ್ರೆಯ ದಾಖಲೆ, ಸಮೀಕ್ಷೆ, ಅಪಘಾತದ ಲೆಕ್ಕ ಎಲ್ಲ ಈಗ ಸಿಗುತ್ತಿವೆ. ಅವನ್ನು ಕೂತು ಓದಿದರೆ "ಏನೂ ಆಗಲಿಲ್ಲ" ಅನ್ನುವವರ ಮಾತೂ ಪೂರ್ತಿ ನಿಜವಲ್ಲ, "ಯುವಜನ ಹಾಳಾಗಿ ಹೋದರು" ಅನ್ನುವವರ ಮಾತೂ ನಿಜವಲ್ಲ ಅಂತ ಗೊತ್ತಾಗುತ್ತದೆ.

ಈ ಚರ್ಚೆಯಲ್ಲಿ ಮೂರು ಬೇರೆ ಬೇರೆ ನಿರ್ಧಾರಗಳು ಕಲೆತುಹೋಗಿವೆ. ಸೇದುವವನನ್ನು ಜೈಲಿಗೆ ಹಾಕುವುದನ್ನು ನಿಲ್ಲಿಸುವುದು ಒಂದು. ಪೋರ್ಚುಗಲ್ 2001ರಿಂದ ಅದನ್ನೇ ಮಾಡಿದೆ. ಅಲ್ಲಿ ಸ್ವಂತಕ್ಕೆ ಇಟ್ಟುಕೊಂಡವನನ್ನು ಕೋರ್ಟಿಗೆ ಎಳೆಯುವುದಿಲ್ಲ, ಒಂದು ಸಲಹಾ ಸಮಿತಿಯ ಮುಂದೆ ಕಳಿಸುತ್ತಾರೆ. ಮಾರುವುದು ಅಲ್ಲಿ ಇವತ್ತಿಗೂ ಅಪರಾಧ. ಎರಡನೆಯದು ಡಾಕ್ಟರ ಚೀಟಿಯ ಮೇಲೆ ಔಷಧವಾಗಿ ಕೊಡುವುದು. ಮೂರನೆಯದು ಅಂಗಡಿ, ಬ್ರ್ಯಾಂಡ್, ಚಾಕೊಲೇಟು, ಲಾಭ, ತೆರಿಗೆ. ಜರ್ಮನಿ 2024ರ ಏಪ್ರಿಲ್‌ನಲ್ಲಿ ಬಾಗಿಲು ತೆರೆದಾಗ ಮನೆಯಲ್ಲಿ ಮೂರು ಗಿಡ, ಹೊರಗೆ ಓಡಾಡುವಾಗ ಜೇಬಿನಲ್ಲಿ 25 ಗ್ರಾಂ, ಲಾಭವಿಲ್ಲದ ಕ್ಲಬ್ಬುಗಳು ಇವಕ್ಕೆ ಒಪ್ಪಿತು. ಅಂಗಡಿಗೆ ಒಪ್ಪಲಿಲ್ಲ. ಜನರ ಆರೋಗ್ಯದ ಮೇಲಾಗುವ ಪರಿಣಾಮ ಈ ಮೂರರಲ್ಲಿ ಯಾವುದನ್ನು ಆರಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ನಾನು ಇಲ್ಲಿ ಹೇಳಬೇಕೆಂದಿರುವುದೂ ಅದನ್ನೇ: ಜೈಲು ತೆಗೆಯುವುದು ಬೇರೆ, ಅಂಗಡಿ ತೆರೆಯುವುದು ಬೇರೆ.

ನಮ್ಮ ಕಾನೂನು ಹೇಗಿದೆ ಅಂತ ನೋಡಿ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ, ಗಿಡದ ಅಂಟಾದ ಚರಸ್ ಮತ್ತು ಹೂಗೊಂಚಲಾದ ಗಾಂಜಾ ನಿಷಿದ್ಧ. ಬರೀ ಎಲೆ ಅದರೊಳಗೆ ಬರುವುದಿಲ್ಲ. ಹಾಗಾಗಿ ಎಲೆಯಿಂದ ಮಾಡುವ ಭಾಂಗ್‌ನ ವಿಚಾರ ರಾಜ್ಯಗಳ ಕೈಯಲ್ಲಿದೆ. ವಾರಾಣಸಿ, ಜೈಸಲ್ಮೇರ್ ಕಡೆ ಸರ್ಕಾರದ ಪರವಾನಗಿ ಪಡೆದ ಭಾಂಗ್ ಅಂಗಡಿಗಳೇ ಇವೆ. ಗಾಂಜಾ 1 ಕೆಜಿವರೆಗೆ ಸಿಕ್ಕರೆ ಅದು ಸಣ್ಣ ಪ್ರಮಾಣ: ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕೆಜಿ ದಾಟಿದರೆ ಕನಿಷ್ಠ 10 ವರ್ಷ. ಬರೀ ಸೇದಿದ್ದಕ್ಕೂ ಆರು ತಿಂಗಳವರೆಗೆ ಶಿಕ್ಷೆ ಇದೆ.

ಎಷ್ಟು ಜನ ಬಳಸುತ್ತಾರೆ? ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸುಮಾರು 3.1 ಕೋಟಿ ಜನ ಹಿಂದಿನ ಒಂದು ವರ್ಷದಲ್ಲಿ ಭಾಂಗ್, ಗಾಂಜಾ ಅಥವಾ ಚರಸ್ ಬಳಸಿದ್ದರು. ಅವರಲ್ಲಿ ಗಾಂಜಾ, ಚರಸ್ ಬಳಸಿದವರು 1.3 ಕೋಟಿ. ಅದೇ ಸಮೀಕ್ಷೆಯಲ್ಲಿ ಹೆಂಡ ಕುಡಿಯುವವರು 16 ಕೋಟಿ. ಈ ಕೊನೆಯ ಅಂಕಿ ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಇನ್ನು ಗಿಡ ದೇಹದಲ್ಲಿ ಏನು ಮಾಡುತ್ತದೆ ಅನ್ನುವುದು. ಅಮಲು ಬರುವುದು ಟಿಎಚ್‌ಸಿ ಅನ್ನುವ ರಾಸಾಯನಿಕದಿಂದ. ನಮ್ಮ ಮೆದುಳಲ್ಲಿ ಹಸಿವು, ನೆನಪು, ಭಯ, ನೋವು ಇವುಗಳನ್ನೆಲ್ಲ ಹದದಲ್ಲಿಡುವ ಒಂದು ವ್ಯವಸ್ಥೆ ಇದೆ, ಟಿಎಚ್‌ಸಿ ಹೋಗಿ ಅದಕ್ಕೇ ಅಂಟಿಕೊಳ್ಳುತ್ತದೆ. ಅದಕ್ಕೇ ಹಸಿವು ಜಾಸ್ತಿ, ಸಮಯ ನಿಧಾನ, ಮಾತು ಅರ್ಧಕ್ಕೇ ಮರೆತುಹೋಗುವುದು. ಉಸಿರಾಟವನ್ನು ನಡೆಸುವ ಮೆದುಳಿನ ಭಾಗದಲ್ಲಿ ಅದು ಅಂಟುವ ಜಾಗಗಳು ತೀರಾ ಕಡಿಮೆ. ಆದ್ದರಿಂದ ಬ್ರೌನ್ ಶುಗರ್ (ಹೆರಾಯಿನ್) ಜಾಸ್ತಿಯಾಗಿ ಉಸಿರು ನಿಂತು ಸತ್ತಂತೆ ಗಾಂಜಾ ಜಾಸ್ತಿಯಾಗಿ ಸಾಯುವುದು ಬಹಳ ಅಪರೂಪ. "ಗಾಂಜಾದಿಂದ ಯಾರೂ ಸಾಯೋದಿಲ್ಲ" ಅಂತ ಹುಡುಗರು ಹೇಳುವುದರಲ್ಲಿ ಇಷ್ಟು ಸತ್ಯ ಇದೆ. ಆದರೆ ಸಾವಿನ ಲೆಕ್ಕ ಒಂದರಿಂದಲೇ ಜನರ ಆರೋಗ್ಯ ಅಳೆಯಲಾಗದು. ಓದು ಬಿಟ್ಟವನು, ಮೂರು ಸಲ ಮನೋರೋಗ ವಾರ್ಡಿಗೆ ಸೇರಿದವನು, ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿ ಕೂತವನು, ಇವರ್ಯಾರೂ ಆ ಲೆಕ್ಕದಲ್ಲಿ ಬರುವುದಿಲ್ಲ.

ಮಾಲಿನ ಶಕ್ತಿಯೂ ಬದಲಾಗಿದೆ. ಅಮೆರಿಕದ ಪೊಲೀಸರು ಹಿಡಿದ ಗಾಂಜಾದಲ್ಲಿ 1990ರ ದಶಕದ ನಡುವೆ ಟಿಎಚ್‌ಸಿ ನೂರಕ್ಕೆ 4ರಷ್ಟಿತ್ತು. 2014ರ ಹೊತ್ತಿಗೆ ಅದು ಸುಮಾರು 12 ಆಯಿತು. ಈಗ ಅಲ್ಲಿನ ಅಂಗಡಿಗಳಲ್ಲಿ ನೂರಕ್ಕೆ 20 ಟಿಎಚ್‌ಸಿ ಇರುವ ಹೂವು ಮಾಮೂಲಿ. ಸಾರ ತೆಗೆದು ಮಾಡುವ ಮೇಣ, ಎಣ್ಣೆಗಳಲ್ಲಿ 60ರಿಂದ 90ರವರೆಗೂ ಇರುತ್ತದೆ. ಬಿಯರ್ ಕುಡಿದು ರೂಢಿಯಾದವನ ಗ್ಲಾಸಿಗೆ ಅಷ್ಟೇ ಅಳತೆಯ ರಮ್ ಸುರಿದ ಹಾಗೆ. ಹಿಂದಿನವರು ಸೇದಿ ನೂರು ವರ್ಷ ಬದುಕಿದರು, ಸಾಧುಗಳಿಗೆ ಏನೂ ಆಗಲಿಲ್ಲ ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ, ಯಾಕೆಂದರೆ ಅವರ ಚಿಲುಮೆಯಲ್ಲಿದ್ದ ಮಾಲೇ ಬೇರೆ. 1894ರಲ್ಲಿ ಬ್ರಿಟಿಷರ ಭಾರತೀಯ ಹೆಂಪ್ ಡ್ರಗ್ಸ್ ಆಯೋಗ "ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿ ಇಲ್ಲ, ಪೂರ್ತಿ ನಿಷೇಧ ಬೇಡ" ಅಂತ ವರದಿ ಕೊಟ್ಟಿತ್ತು. ಅದನ್ನು ಈಗಲೂ ಜನ ಉದಾಹರಿಸುತ್ತಾರೆ. ಆ ಆಯೋಗ ನೋಡಿದ್ದು ಆ ಕಾಲದ ಗಿಡವನ್ನು.

ಇದು ದೂರದ ಅಮೆರಿಕದ ಸುದ್ದಿ ಅಂದುಕೊಳ್ಳಬೇಡಿ. ಮುಂಬೈಗೆ ಮಾಮೂಲಿ ಗಾಂಜಾ ಆಂಧ್ರ-ಒಡಿಶಾ ಗಡಿಯ ಕಾಡುಗುಡ್ಡಗಳಿಂದ ಬರುತ್ತದೆ. ಆದರೆ ಕಳೆದ ಎರಡು ಮೂರು ವರ್ಷಗಳಿಂದ ಬ್ಯಾಂಕಾಕಿನಿಂದ ಬರುವ ಪ್ರಯಾಣಿಕರ ಸೂಟ್‌ಕೇಸುಗಳಲ್ಲಿ ಮುಂಬೈ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಕೆಜಿಗಟ್ಟಲೆ "ಹೈಡ್ರೋಪೋನಿಕ್ ವೀಡ್" ಹಿಡಿಯುತ್ತಿದ್ದಾರೆ. ಮಣ್ಣಿಲ್ಲದೆ, ದೀಪದ ಬೆಳಕಲ್ಲಿ, ಟಿಎಚ್‌ಸಿ ಜಾಸ್ತಿ ಬರಲೆಂದೇ ಬೆಳೆಸಿದ ಮಾಲು ಅದು. ಮುಂಬೈ ಬಾಂದ್ರಾದ ಪಾರ್ಟಿಗೂ ಪುಣೆ ಹಿಂಜವಡಿಯ ಫ್ಲ್ಯಾಟಿಗೂ ಅದು ಬಂದು ಸೇರಿದೆ, ಕಾನೂನು ಬದಲಾಗದೆಯೇ.

ಹಾಗಾದರೆ ಅಂಗಡಿ ತೆರೆದ ಕಡೆ ಬಳಕೆ ಹೆಚ್ಚಾಯಿತಾ? ದೊಡ್ಡವರಲ್ಲಿ ಹೌದು. ಕೆನಡಾ ಸರ್ಕಾರದ ಸಮೀಕ್ಷೆಯಲ್ಲಿ ಹಿಂದಿನ ವರ್ಷ ಬಳಸಿದವರು 2018ರಲ್ಲಿ ನೂರಕ್ಕೆ 22, 2023ರಲ್ಲಿ 26. ಸ್ಫೋಟವೇನಲ್ಲ. ಹೈಸ್ಕೂಲ್ ಮಕ್ಕಳಲ್ಲಿ ಎಲ್ಲರೂ ಹೆದರಿದ್ದ ಏರಿಕೆ ಅಮೆರಿಕದ ದೊಡ್ಡ ಶಾಲಾ ಸಮೀಕ್ಷೆಯಲ್ಲಿ ಕಾಣಲಿಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ ನನ್ನನ್ನು ಚಿಂತೆಗೆ ಹಚ್ಚುವ ಅಂಕಿ ಬೇರೆ. ಎಷ್ಟು ಜನ ಬಳಸುತ್ತಾರೆ ಅನ್ನುವುದಕ್ಕಿಂತ ಎಷ್ಟು ಜನ ದಿನಾ ಬಳಸುತ್ತಾರೆ ಅನ್ನುವುದನ್ನು ನೋಡಿ. ಅಮೆರಿಕದಲ್ಲಿ ದಿನಾ ಅಥವಾ ಹೆಚ್ಚುಕಡಿಮೆ ದಿನಾ ಗಾಂಜಾ ಬಳಸುವವರು 1992ರಲ್ಲಿ 10 ಲಕ್ಷದೊಳಗಿದ್ದರು, 2022ರಲ್ಲಿ 1 ಕೋಟಿ 77 ಲಕ್ಷ. ಅದೇ ವರ್ಷ ಅಲ್ಲಿ ದಿನಾ ಕುಡಿಯುವವರು 1 ಕೋಟಿ 47 ಲಕ್ಷ. ಅಂದರೆ ದಿನನಿತ್ಯದ ಬಳಕೆಯಲ್ಲಿ ಗಾಂಜಾ ಹೆಂಡವನ್ನು ದಾಟಿತು. ಈ ಏರಿಕೆಗೆಲ್ಲ ಅಂಗಡಿಯೊಂದೇ ಕಾರಣ ಅಂತ ಹೇಳಲಾಗದು, ಕಾನೂನು ಸಡಿಲವಾಗುವ ಮೊದಲೇ ಅದು ಶುರುವಾಗಿತ್ತು. ಆದರೆ ವ್ಯಾಪಾರ ಯಾರಿಂದ ನಡೆಯುತ್ತದೆ ಅಂತ ಯೋಚಿಸಿ. ವರ್ಷಕ್ಕೊಮ್ಮೆ ಹೋಳಿಗೆ ಒಂದು ಲೋಟ ಭಾಂಗ್ ಹಾಕಿದ ಥಂಡಾಯಿ ಕುಡಿಯುವವನಿಂದ ಅಲ್ಲ. ದಿನಾ ಬೇಕು ಅನ್ನುವ ಗಿರಾಕಿಯಿಂದ. ತಂಬಾಕು ಕಂಪನಿಯೂ ಹೆಂಡದ ಕಂಪನಿಯೂ ಬದುಕಿರುವುದು ಹಾಗೆಯೇ, ಅಲ್ವಾ?

ಚಟ ಹಿಡಿಯುವುದಿಲ್ಲ ಅನ್ನುವುದು ಇನ್ನೊಂದು ನಂಬಿಕೆ. ಬಳಸಿದವರಲ್ಲಿ ಸುಮಾರು ನೂರಕ್ಕೆ 9 ಜನ ಚಟಕ್ಕೆ ಬೀಳುತ್ತಾರೆ ಅಂತ ಹಳೆಯ ಅಮೆರಿಕನ್ ಅಧ್ಯಯನಗಳು ಹೇಳಿದ್ದವು, ಹದಿಹರೆಯದಲ್ಲಿ ಶುರು ಮಾಡಿದರೆ ಆರರಲ್ಲಿ ಒಬ್ಬರು. ಮಾಲು ಇಷ್ಟು ಗಟ್ಟಿಯಾಗುವ ಮುಂಚಿನ ಲೆಕ್ಕ ಅದು.

ಈಗ ಮಕ್ಕಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಅಂಗಡಿ ಬಂದ ಮೇಲೆ ಗಾಂಜಾ ಬರೀ ಸೇದುವ ವಸ್ತುವಾಗಿ ಉಳಿಯಲಿಲ್ಲ. ಜೆಲ್ಲಿ, ಚಾಕೊಲೇಟು, ಬಿಸ್ಕತ್ತು, ಶರಬತ್ತು ಎಲ್ಲವೂ ಬಂದವು. ಸೇದಿದರೆ ಅಮಲು ಕೆಲವೇ ನಿಮಿಷದಲ್ಲಿ ಏರುತ್ತದೆ, ಸಾಕು ಅನಿಸಿದಾಗ ನಿಲ್ಲಿಸಬಹುದು. ತಿಂದರೆ ಹಾಗಲ್ಲ. ಹೊಟ್ಟೆಗೆ ಹೋಗಿ, ಲಿವರ್‌ನಲ್ಲಿ ಇನ್ನೂ ಜೋರಾದ ರೂಪಕ್ಕೆ ತಿರುಗಿ, ಅರ್ಧ ಗಂಟೆಯಿಂದ ಎರಡು ಗಂಟೆ ಬಿಟ್ಟು ಏರುತ್ತದೆ. "ಏನೂ ಆಗ್ಲೇ ಇಲ್ಲ" ಅಂತ ಇನ್ನೊಂದು ತುಂಡು ತಿಂದವನಿಗೆ ಎರಡೂ ಒಟ್ಟಿಗೆ ಏರುತ್ತವೆ. ಶಿವರಾತ್ರಿ, ಹೋಳಿಯಲ್ಲಿ ಭಾಂಗ್ ಕುಡಿದು ಆಸ್ಪತ್ರೆ ಸೇರುವವರ ಕಥೆಯೂ ಇದೇ.

ಪುಟ್ಟ ಮಗುವಿಗೆ ಜೆಲ್ಲಿ ಜೆಲ್ಲಿಯೇ. ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ಆರು ವರ್ಷದೊಳಗಿನ ಮಕ್ಕಳು ಗಾಂಜಾ ತಿನಿಸು ತಿಂದ ಪ್ರಕರಣಗಳು 2017ರಲ್ಲಿ 207 ಬಂದಿದ್ದವು. 2021ರಲ್ಲಿ 3,054. ನಾಲ್ಕೇ ವರ್ಷದಲ್ಲಿ ಸುಮಾರು ಹದಿನೈದು ಪಟ್ಟು. ದೊಡ್ಡವರಿಗೆ ಬರೀ ನಿದ್ದೆ ಬರಿಸುವ ಪ್ರಮಾಣ ಎರಡು ವರ್ಷದ ಮಗುವನ್ನು ಎಚ್ಚರ ತಪ್ಪಿಸಿ ಐಸಿಯುಗೆ ಕಳಿಸಬಹುದು.

ಇಲ್ಲೇ ನೋಡಿ ನಿಯಮದ ಕೆಲಸ. ಕೆನಡಾದಲ್ಲಿ ತಿನಿಸುಗಳಿಗೆ 2019ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಒಂದು ಪೊಟ್ಟಣಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ ಮಾತ್ರ. ಕೊಲೊರಾಡೊದಲ್ಲಿ ಒಂದು ಪೊಟ್ಟಣಕ್ಕೆ 100 ಮಿಲಿಗ್ರಾಂ. ಕೆನಡಾದ್ದೇ ಕ್ವಿಬೆಕ್ ಪ್ರಾಂತ್ಯ ಗಾಂಜಾ ಚಾಕೊಲೇಟು, ಮಿಠಾಯಿ ಮಾರುವುದೇ ಬೇಡ ಅಂದಿತು, ಕೊಳ್ಳುವ ವಯಸ್ಸನ್ನೂ 21ಕ್ಕೆ ಏರಿಸಿತು. ಆಮೇಲೆ ಮಕ್ಕಳು ಆಸ್ಪತ್ರೆ ಸೇರಿದ ಲೆಕ್ಕ ಹೋಲಿಸಿದಾಗ ತಿನಿಸು ಮಾರಿದ ಪ್ರಾಂತ್ಯಗಳಲ್ಲಿ ಏರಿಕೆ ಬಹಳ ಜಾಸ್ತಿ ಇತ್ತು, ಕ್ವಿಬೆಕ್‌ನಲ್ಲಿ ಅಷ್ಟಿರಲಿಲ್ಲ. ಒಂದೇ ದೇಶ, ಒಂದೇ ಕಾನೂನು. ಏನನ್ನು ಮಾರುತ್ತೀರಿ ಅನ್ನುವುದೊಂದರಲ್ಲಿ ಇಷ್ಟು ವ್ಯತ್ಯಾಸ.

ಅಪ್ಪ ಅಮ್ಮಂದಿರು ನಿಜವಾಗಿ ಹೆದರಬೇಕಾದದ್ದು ಮಾನಸಿಕ ಕಾಯಿಲೆಗೆ ಅಂತ ನಾನು ಅಂದುಕೊಂಡಿದ್ದೇನೆ. ಹಾಗಂತ ಸೇದಿದವರಿಗೆಲ್ಲ ಹುಚ್ಚು ಹಿಡಿಯುತ್ತದೆ ಅನ್ನುವ ಹಳೆಯ ಹೆದರಿಕೆಯ ಮಾತು ಬೇಡ. ಬಹುಪಾಲು ಜನರಿಗೆ ಹಾಗೇನೂ ಆಗುವುದಿಲ್ಲ. ಯುರೋಪಿನ ಹಲವು ಊರು ಮತ್ತು ಬ್ರೆಜಿಲ್ ಸೇರಿ ಹನ್ನೊಂದು ಕಡೆ ಮಾಡಿದ ಅಧ್ಯಯನವೊಂದು 2019ರಲ್ಲಿ ಬಂತು. ಮೊದಲ ಸಲ ಸೈಕೋಸಿಸ್ ಆದವರನ್ನು, ಅಂದರೆ ಯಾರೋ ಕೊಲ್ಲಲು ಬರುತ್ತಿದ್ದಾರೆ, ಗೋಡೆಯೊಳಗಿಂದ ಮಾತು ಕೇಳುತ್ತಿದೆ ಅನ್ನುವ ಸ್ಥಿತಿಗೆ ತಲುಪಿದವರನ್ನು, ಅದೇ ಊರಿನ ಬೇರೆ ಜನರ ಜೊತೆ ಹೋಲಿಸಿದರು. ಎಂದೂ ಮುಟ್ಟದವರಿಗಿಂತ ದಿನಾ ಬಳಸುವವರಲ್ಲಿ ಅಪಾಯ ಸುಮಾರು ಮೂರು ಪಟ್ಟು. ನೂರಕ್ಕೆ 10 ಅಥವಾ ಅದಕ್ಕಿಂತ ಜಾಸ್ತಿ ಟಿಎಚ್‌ಸಿ ಇರುವ ಮಾಲನ್ನು ದಿನಾ ಬಳಸುವವರಲ್ಲಿ ಸುಮಾರು ಐದು ಪಟ್ಟು. ಆ ಗಟ್ಟಿ ಮಾಲು ಸಿಗದೇ ಇದ್ದಿದ್ದರೆ ಲಂಡನ್‌ನಲ್ಲಿ ಹೊಸ ಪ್ರಕರಣಗಳಲ್ಲಿ ನೂರಕ್ಕೆ 30, ಆಮ್‌ಸ್ಟರ್‌ಡ್ಯಾಮ್‌ನಲ್ಲಿ 50 ತಪ್ಪುತ್ತಿದ್ದವು ಅನ್ನುವುದು ಅವರ ಅಂದಾಜು.

ಇದಕ್ಕೆ ಎದುರು ವಾದವೂ ಇದೆ. ಕಾಯಿಲೆ ಬರಲಿದ್ದವರೇ ನೆಮ್ಮದಿ ಹುಡುಕಿ ಗಾಂಜಾ ಹಿಡಿದಿರಬಹುದು ಅಲ್ವಾ? ಸ್ವಲ್ಪ ಮಟ್ಟಿಗೆ ಹೌದು, ರಕ್ತಸಂಬಂಧದಲ್ಲಿ ಬರುವ ಪ್ರವೃತ್ತಿಯೂ ಸೇರಿಕೊಂಡಿರುತ್ತದೆ. ಆದರೆ ಪ್ರಮಾಣ ಏರಿದಂತೆ ಅಪಾಯ ಏರುವುದು, ಚಿಕ್ಕ ವಯಸ್ಸಲ್ಲಿ ಶುರು ಮಾಡಿದವರಲ್ಲಿ ಜಾಸ್ತಿ ಇರುವುದು, ಇವೆರಡನ್ನೂ ನೋಡಿದರೆ ಗಾಂಜಾದ ಪಾತ್ರ ಇಲ್ಲವೇ ಇಲ್ಲ ಅನ್ನಲಾಗದು. ಮೆದುಳು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಹೊಸ ಸ್ಕಿಜೋಫ್ರೇನಿಯಾ (ಇಂಥ ಸೈಕೋಸಿಸ್ ದೀರ್ಘಕಾಲ ಕಾಡುವ ಕಾಯಿಲೆ) ಪ್ರಕರಣಗಳಲ್ಲಿ ಗಾಂಜಾ ಚಟದ ಜೊತೆ ನಂಟಿರುವ ಪಾಲು ಕಾನೂನು ಸಡಿಲವಾಗುವ ಮೊದಲು ನೂರಕ್ಕೆ 3.7 ಇತ್ತು, ಆಮೇಲೆ 10.3 ಆಯಿತು ಅಂತ 2025ರಲ್ಲಿ ಪ್ರಕಟವಾಯಿತು. ಆದರೆ ಅದೇ ಅಧ್ಯಯನದಲ್ಲಿ ಒಟ್ಟು ಸ್ಕಿಜೋಫ್ರೇನಿಯಾ ಏರಿಲ್ಲ. ಈ ಎರಡನೆಯ ವಾಕ್ಯವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಫಾರ್ವರ್ಡ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ಎರಡನ್ನೂ ಹೇಳುತ್ತಿದ್ದೇನೆ.

ನಿಮ್ಮ ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ, ದೊಡ್ಡಪ್ಪನಿಗೋ ಸೋದರತ್ತೆಗೋ, ಅದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಗೆಳೆಯನಿಗೆ ಏನೂ ಮಾಡದ ಗಾಂಜಾ ಸಿಗರೇಟು ನಿಮ್ಮ ಮಗನಿಗೆ ಯಾಕೆ ಅಪಾಯ ಅಂತ ಅವನಿಗೆ ಗೊತ್ತಾಗಬೇಕಾದರೆ ಆ ಕಥೆ ಅವನಿಗೆ ಗೊತ್ತಿರಬೇಕು.

ಗಾಡಿ ಓಡಿಸುವ ವಿಷಯ ಚಿಕ್ಕದಾಗಿ. ಅಮಲಿನಲ್ಲಿ ಪ್ರತಿಕ್ರಿಯೆ ನಿಧಾನ, ಹೆಂಡ ಸೇರಿದರೆ ಇನ್ನೂ ಕೆಟ್ಟದು. ಅಮೆರಿಕದ ವಿಮಾ ಸಂಸ್ಥೆಗಳ ಅಧ್ಯಯನದಲ್ಲಿ ಅಂಗಡಿ ಬಂದ ರಾಜ್ಯಗಳಲ್ಲಿ ಗಾಯವಾಗುವ ಅಪಘಾತ ಸರಾಸರಿ ನೂರಕ್ಕೆ 6ರಷ್ಟು ಏರಿತು. ನಮ್ಮ ಟ್ರಾಫಿಕ್ ಪೊಲೀಸರ ಕೈಯಲ್ಲಿರುವ ಊದುವ ಯಂತ್ರ ಹೆಂಡವನ್ನು ಮಾತ್ರ ಹಿಡಿಯುತ್ತದೆ. ರಕ್ತದಲ್ಲಿ ಟಿಎಚ್‌ಸಿ ಎಷ್ಟಿದೆ ಅಂತ ನೋಡಿದರೂ ಅಮಲು ಎಷ್ಟಿತ್ತು ಅಂತ ಸರಿಯಾಗಿ ಹೇಳಲಾಗದು. ಬಾಡಿಗೆ ಸ್ಕೂಟರುಗಳೇ ಓಡಾಡುವ ಉತ್ತರ ಗೋವಾದ ಬೀಚ್ ರಸ್ತೆಗಳನ್ನು ನೆನೆಸಿಕೊಳ್ಳಿ.

ಇನ್ನು ಶ್ವಾಸಕೋಶ. ಹೊಗೆ ಯಾವುದಾದರೂ ಹೊಗೆಯೇ, ದಿನಾ ಸೇದಿದರೆ ಕೆಮ್ಮು, ಕಫ ಬಿಡುವುದಿಲ್ಲ. ನಮ್ಮಲ್ಲಿ ಇನ್ನೊಂದು ಸೇರುತ್ತದೆ: ಗಾಂಜಾವನ್ನು ತಂಬಾಕಿನ ಜೊತೆ ಕಲೆಸಿ ಸುತ್ತುವುದು. "ವಾರಕ್ಕೊಮ್ಮೆ ಮಾತ್ರ" ಅಂದುಕೊಂಡು ಶುರು ಮಾಡಿದವನು ಆರು ತಿಂಗಳಲ್ಲಿ ದಿನಕ್ಕೆ ಹತ್ತು ಸಿಗರೇಟಿಗೆ ಬಂದು ನಿಲ್ಲುವುದಕ್ಕೆ ಕಾರಣ ಆ ತಂಬಾಕು. ಬಸುರಿಯರು ಬಳಸಿದರೆ ಮಗುವಿನ ತೂಕ ಕಡಿಮೆಯಾಗುತ್ತದೆ ಅನ್ನುವುದಕ್ಕೂ ಸಾಕಷ್ಟು ಆಧಾರ ಇದೆ. ವಾಂತಿಗೆ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಇಷ್ಟೆಲ್ಲ ಓದಿದ ಮೇಲೆ ನಿಷೇಧವೇ ಸರಿ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ನಿಷೇಧಕ್ಕೂ ಆರೋಗ್ಯದ ಬೆಲೆ ಇದೆ, ಮತ್ತು ಅದನ್ನು ತೆರುವವರು ಯಾರು ಅಂತ ನೋಡಬೇಕು.

ಮುಂಬೈಯಲ್ಲಿ 2017 ಮತ್ತು 2018ರಲ್ಲಿ ದಾಖಲಾದ ಎನ್‌ಡಿಪಿಎಸ್ ಪ್ರಕರಣಗಳನ್ನು ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಅನ್ನುವ ಸಂಸ್ಥೆ ಪರಿಶೀಲಿಸಿತು. ನೂರಕ್ಕೆ 97ಕ್ಕಿಂತ ಹೆಚ್ಚು ಪ್ರಕರಣಗಳು ಸ್ವಂತ ಸೇವನೆಯವು, ಅವುಗಳಲ್ಲೂ ಬಹುಪಾಲು ಗಾಂಜಾದವು. ಸಿಕ್ಕಿಬಿದ್ದವರಲ್ಲಿ ಜಾಸ್ತಿ ಜನ ಫುಟ್‌ಪಾತ್‌ನವರು, ಜೋಪಡಿಯವರು, ದಿನಗೂಲಿಯವರು. ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಬ್ಯಾಂಕಾಕ್ ಮಾಲು ಸೇದುವವನ ಹತ್ತಿರ ಯಾರೂ ಬರುವುದಿಲ್ಲ. ಗೋವಾದ ಝುವಾರಿನಗರದಲ್ಲಿ, ವಾಸ್ಕೋದಲ್ಲಿ ಗದಗ, ಕೊಪ್ಪಳ, ಬಾಗಲಕೋಟೆಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿರುವ ನಮ್ಮ ಹುಡುಗರಿದ್ದಾರೆ. ಮೈಕೈ ನೋವಿಗೆ ಸೇದುತ್ತೇನೆ ಅನ್ನುವವರು ಅವರಲ್ಲಿದ್ದಾರೆ. ಅವರ ಜೇಬಲ್ಲಿ ಒಂದು ಪುಡಿ ಸಿಕ್ಕರೆ ಕೆಲಸ ಹೋಯಿತು, ವಕೀಲರಿಗೆ ಸಾಲ ಮಾಡಬೇಕಾಯಿತು, ಊರಲ್ಲಿ ಮರ್ಯಾದೆ ಹೋಯಿತು. ಅವರ ಆರೋಗ್ಯಕ್ಕೆ ಗಾಂಜಾ ಮಾಡಿದ್ದಕ್ಕಿಂತ ಕೇಸು ಮಾಡಿದ ಹಾನಿಯೇ ದೊಡ್ಡದು.

ಇನ್ನೊಂದು ಹಾನಿ ಕಣ್ಣಿಗೆ ಬೀಳುವುದಿಲ್ಲ. ಕೇಸಿನ ಭಯಕ್ಕೆ ಜನ ಡಾಕ್ಟರ ಹತ್ತಿರ ಸುಳ್ಳು ಹೇಳುತ್ತಾರೆ. ಎದೆ ಡವಡವ ಅಂತ ರಾತ್ರಿ ಆಸ್ಪತ್ರೆಗೆ ಓಡಿಬಂದ ಹುಡುಗ "ಏನೂ ತಿಂದಿಲ್ಲ" ಅಂದರೆ ಡಾಕ್ಟರು ಇಸಿಜಿ, ಸ್ಕ್ಯಾನ್ ಅಂತ ಹುಡುಕುತ್ತಾ ಹೋಗುತ್ತಾರೆ. ಜೊತೆಗೆ, ಕಳ್ಳ ಮಾಲಿಗೆ ಲೇಬಲ್ ಇಲ್ಲ, ಪರೀಕ್ಷೆ ಇಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ (ಇ-ಸಿಗರೇಟು) ಎಳೆದವರ ಶ್ವಾಸಕೋಶ ಕೆಟ್ಟು 2,800 ಜನ ಆಸ್ಪತ್ರೆ ಸೇರಿ 68 ಜನ ಸತ್ತರು. ಮುಖ್ಯ ಕಾರಣ ಕಳ್ಳ ಮಾರುಕಟ್ಟೆಯ ಟಿಎಚ್‌ಸಿ ಎಣ್ಣೆಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಕೆನಡಾದಲ್ಲಿ ಈಗ ಕೊಳ್ಳುವವರಲ್ಲಿ ನೂರಕ್ಕೆ 70ರಷ್ಟು ಜನ ಪರೀಕ್ಷೆಯಾದ ಕಾನೂನುಬದ್ಧ ಮಾಲನ್ನೇ ಕೊಳ್ಳುತ್ತಾರೆ, ಅದರಲ್ಲಿ ಎಷ್ಟು ಟಿಎಚ್‌ಸಿ ಇದೆ ಅಂತ ಅವರಿಗೆ ಗೊತ್ತಿರುತ್ತದೆ. ಅದು ಸಣ್ಣ ಲಾಭವಲ್ಲ.

ಹಾಗಾದರೆ ಇಲ್ಲೂ ಕೆನಡಾದ ಹಾಗೆ ಮಾಡಿಬಿಡೋಣವೇ? ನಾನು ತಡೆಯುವುದು ಇಲ್ಲಿ. ಕೆನಡಾದ ನಿಯಮ ಕೆಲಸ ಮಾಡುವುದು ಅಂಗಡಿಯವನು ವಯಸ್ಸು ನೋಡಿಯೇ ಕೊಡುತ್ತಾನೆ, ಜಾಹೀರಾತು ಇಲ್ಲ ಅಂದರೆ ಇಲ್ಲ, ಪೊಟ್ಟಣದ ಮೇಲೆ 10 ಮಿಲಿಗ್ರಾಂ ಅಂದರೆ 10 ಮಿಲಿಗ್ರಾಂ ಅನ್ನುವ ಭರವಸೆಯ ಮೇಲೆ. ನಮ್ಮ ಗುಟ್ಕಾ ನೋಡಿ. ಮಹಾರಾಷ್ಟ್ರ ಅದನ್ನು 2012ರಲ್ಲಿ ನಿಷೇಧಿಸಿತು. ಇವತ್ತು ಡೊಂಬಿವಲಿ ಸ್ಟೇಷನ್ನಿನ ಹೊರಗೆ ಎಲ್ಲಿ ನಿಂತರೂ ಸಿಗುತ್ತದೆ. ಬಿಡಿ ಸಿಗರೇಟು ಮಾರಬಾರದು ಅಂತ 2020ರಲ್ಲಿ ಆದೇಶ ಬಂತು, ಪಾನ್ ಅಂಗಡಿಯಲ್ಲಿ ಇವತ್ತಿಗೂ ಒಂದೊಂದೇ ಕೊಡುತ್ತಾರೆ. ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್ ಕುಡಿಯಲು 25 ವರ್ಷ ಆಗಿರಬೇಕು, ಪರ್ಮಿಟ್ ಬೇರೆ ಬೇಕು. ನಮ್ಮ ಮಕ್ಕಳ ಕಾಲೇಜಿನ ಫೇರ್‌ವೆಲ್ ಪಾರ್ಟಿಗಳಲ್ಲಿ ಯಾರ ವಯಸ್ಸು ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಗೋವಾದಲ್ಲಿ 18ಕ್ಕೇ ಸಿಗುತ್ತದೆ, ಅಗ್ಗಕ್ಕೂ ಸಿಗುತ್ತದೆ, ಗಡಿ ದಾಟಿ ಈಚೆಗೂ ಬರುತ್ತದೆ.

16 ಕೋಟಿ ಜನ ಕುಡಿಯುವ ಲೆಕ್ಕ ಇಲ್ಲಿ ಬರುತ್ತದೆ. ಹೆಂಡ ಕಾನೂನುಬದ್ಧ, ಅದರ ಮೇಲೆ ರಾಜ್ಯಗಳ ಖಜಾನೆ ನಿಂತಿದೆ. ಅದೇ ಸಮೀಕ್ಷೆಯ ಪ್ರಕಾರ ಕುಡಿತದಿಂದಾಗಿ ನೆರವು ಬೇಕಾದವರು 5 ಕೋಟಿಗೂ ಜಾಸ್ತಿ, ಗಾಂಜಾದಿಂದಾಗಿ ಸುಮಾರು 72 ಲಕ್ಷ. ಬಳಸುವವರು ಕಡಿಮೆ ಇರುವುದೇ ಈ ವ್ಯತ್ಯಾಸಕ್ಕೆ ದೊಡ್ಡ ಕಾರಣ. ಒಮ್ಮೆ ತೆರಿಗೆಯ ಹಣ ಬರಲು ಶುರುವಾದರೆ ಯಾವ ಸರ್ಕಾರವೂ ಮಾರಾಟ ಕಡಿಮೆ ಮಾಡಲು ಕೈ ಹಾಕುವುದಿಲ್ಲ. ನಾವು ಇದನ್ನು ಹೆಂಡದಲ್ಲಿ ನೋಡಿದ್ದೇವೆ, ಹೊಸದಾಗಿ ಕಲಿಯಬೇಕಾಗಿಲ್ಲ.

ಗೋವಾದಲ್ಲಿ ಪ್ರವಾಸೋದ್ಯಮದ ಹೆಸರಿನಲ್ಲಿ ಈ ಮಾತು ಆಗಾಗ ಏಳುತ್ತದೆ. 2020ರ ಡಿಸೆಂಬರ್‌ನಲ್ಲಿ ಅಲ್ಲಿ ಔಷಧಕ್ಕಾಗಿ ಮಾತ್ರ ಗಾಂಜಾ ಬೆಳೆಸುವ ಪ್ರಸ್ತಾವ ಕಾನೂನು ಇಲಾಖೆಯವರೆಗೂ ಹೋಗಿತ್ತು, ವಿರೋಧ ಬಂದು ಸರ್ಕಾರ ಹಿಂದೆ ಸರಿಯಿತು. ಪ್ರವಾಸೋದ್ಯಮದ ಲೆಕ್ಕ ಹಾಕುವವರು ಎರಡು ದೇಶ ನೋಡಬೇಕು. ಥಾಯ್ಲೆಂಡ್ 2022ರ ಜೂನ್‌ನಲ್ಲಿ ನಿಯಮ ಮಾಡುವ ಮುಂಚೆಯೇ ಗಾಂಜಾವನ್ನು ನಿಷೇಧದ ಪಟ್ಟಿಯಿಂದ ತೆಗೆಯಿತು. ಸಾವಿರಾರು ಅಂಗಡಿಗಳು ಎದ್ದವು. ಮೂರು ವರ್ಷಕ್ಕೆ, 2025ರ ಜೂನ್‌ನಲ್ಲಿ, ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಹಿಂದಕ್ಕೆ ಬಂತು. ಉರುಗ್ವೆ ಬೇರೆ ದಾರಿ ಹಿಡಿಯಿತು: ಔಷಧಿ ಅಂಗಡಿಯಲ್ಲಿ ಮಾತ್ರ ಮಾರಾಟ, ಹೆಸರು ನೋಂದಾಯಿಸಬೇಕು, ಜಾಹೀರಾತು ಇಲ್ಲ, ಬೆಲೆಯನ್ನೂ ಶಕ್ತಿಯನ್ನೂ ಸರ್ಕಾರವೇ ನಿಗದಿ ಮಾಡುತ್ತದೆ. ವಿದೇಶಿ ಪ್ರವಾಸಿಗರಿಗೆ ಮಾರುವಂತಿಲ್ಲ ಅಂತಲೇ ಕಾನೂನು ಮಾಡಿತು. ಅಲ್ಲಿ ಹದಿಹರೆಯದವರ ಬಳಕೆ ಕಾನೂನಿನಿಂದಾಗಿ ಏರಲಿಲ್ಲ.

ನನ್ನನ್ನು ಕೇಳಿದರೆ, ಮಹಾರಾಷ್ಟ್ರಕ್ಕೂ ಗೋವಾಕ್ಕೂ ಇವತ್ತು ಬೇಕಾಗಿರುವುದು ಪೋರ್ಚುಗಲ್‌ನ ಅರ್ಧ ದಾರಿ. ಸ್ವಂತಕ್ಕೆ ಇಟ್ಟುಕೊಂಡವನ ಮೇಲೆ ಕ್ರಿಮಿನಲ್ ಕೇಸು ಬೇಡ, ಅವನನ್ನು ಆರೋಗ್ಯ ವ್ಯವಸ್ಥೆಗೆ ಕಳಿಸಿ. ಮಾರಾಟಕ್ಕೆ ಅಂಗಡಿ ಈಗ ಬೇಡ. ಮುಂದೆಂದಾದರೂ ತೆರೆಯುವುದಾದರೆ ತಿನಿಸು ಇಲ್ಲದೆ, ಟಿಎಚ್‌ಸಿಗೆ ಮಿತಿ ಹಾಕಿ, ಖಾಸಗಿ ಬ್ರ್ಯಾಂಡು ಜಾಹೀರಾತುಗಳಿಲ್ಲದೆ ತೆರೆಯಬೇಕು. ಗುಟ್ಕಾ ನಿಷೇಧವನ್ನು ನಿಜವಾಗಿ ಜಾರಿ ಮಾಡಿ ತೋರಿಸಿದ ಮೇಲೆ ಆ ಮಾತು ಎತ್ತಲಿ.

ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲದ ಕೆಲವು ವಿಷಯಗಳಿವೆ. ದಿನಾ ಬಳಸುವವನು ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಶುರುವಾಗುತ್ತವೆ, ಮೊದಲ ವಾರ ಜೋರಾಗಿದ್ದು ಎರಡು ಮೂರು ವಾರದಲ್ಲಿ ಇಳಿಯುತ್ತವೆ. "ಮಗ ಬಿಟ್ಟ ಮೇಲೆ ಇನ್ನೂ ಕೆಟ್ಟವನಾದ" ಅಂತ ಆ ವಾರದಲ್ಲಿ ಜಗಳಕ್ಕೆ ಇಳಿಯಬೇಡಿ. ವರ್ಷಗಟ್ಟಲೆ ಸೇದಿದ ಕೆಲವರಿಗೆ ನಿಲ್ಲದ ವಾಂತಿ ಬರುತ್ತದೆ, ಬಿಸಿನೀರಿನ ಸ್ನಾನ ಮಾಡಿದಾಗ ಮಾತ್ರ ಕಡಿಮೆ ಅನಿಸುತ್ತದೆ. ಅದಕ್ಕೂ ಗಾಂಜಾವೇ ಕಾರಣ ಇರಬಹುದು, ಡಾಕ್ಟರಿಗೆ ಹೇಳಿ. ಚಟ ಬಿಡಿಸುವುದಕ್ಕೆ ಇಂಥದ್ದೇ ಮಾತ್ರೆ ಅಂತ ಒಂದಿಲ್ಲ, ಆಪ್ತಸಲಹೆಯೇ ಮುಖ್ಯ. ಪುಣೆಯಲ್ಲಿ ಮುಕ್ತಾಂಗಣ ಅನ್ನುವ ವ್ಯಸನಮುಕ್ತಿ ಕೇಂದ್ರ 1986ರಿಂದ ಈ ಕೆಲಸ ಮಾಡುತ್ತಿದೆ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ತೊಂದರೆಗೆ ಟೆಲಿ ಮಾನಸ್, 14416, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ತಾವಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಸಣ್ಣ ಪ್ರಮಾಣದ ಮತ್ತು ಸೇವನೆಯ ಪ್ರಕರಣಗಳಲ್ಲಿ ವಿನಾಯಿತಿ ಕೊಡುವ 64ಎ ಕಲಮು ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ, ವಕೀಲರನ್ನು ಕೇಳುವಾಗ ಆ ಕಲಮಿನ ಹೆಸರು ಹೇಳಿ ಕೇಳಿ.